ಯೂಟಿಂಗ್ ಅಡುಗೆಮನೆಗೆ ಬರುವುದನ್ನು ನಿಲ್ಲಿಸಿದಾಗ

ನಾಸಿಕದ ಪಂಚವಟಿ ಕಡೆ ಶೀನಣ್ಣನ ಹೋಟೆಲ್ ಇದೆಯಲ್ಲ, ಅಲ್ಲಿಗೆ ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ಹೋಗಬೇಡಿ. ಹೋದರೂ ಬೇಗ ಚಹಾ ಸಿಗುವುದಿಲ್ಲ. ಆ ಹೊತ್ತಿನಲ್ಲಿ ಹೋಟೆಲಿಗೆ ಹೋಟೆಲೇ ಇಂಗ್ಲೆಂಡಿನಲ್ಲಿರುತ್ತದೆ.

ವಿಷಯ ಇಷ್ಟೇ. ಶೀನಣ್ಣ ಮತ್ತು ಅನಸೂಯಕ್ಕ ಉಡುಪಿ ಕಡೆಯವರು, ಮದುವೆಯಾದಾಗಿನಿಂದ ನಾಸಿಕದಲ್ಲೇ ಇದ್ದಾರೆ. ಅವರ ಮಗಳು ಪ್ರಜ್ಞಾ ಎಂ.ಎಸ್ಸಿ. ಓದಲು ಇಂಗ್ಲೆಂಡಿಗೆ ಹೋಗಿದ್ದಾಳೆ. ಅವಳಿರುವ ಊರಿನ ಹೆಸರು ಶೀನಣ್ಣನ ಬಾಯಿಗೆ ಹತ್ತುವುದಿಲ್ಲ, ಹಾಗಾಗಿ ಅವರ ಮಟ್ಟಿಗೆ ಅದು ಲಂಡನ್ನೇ. ದಿನಾ ಆ ಹೊತ್ತಿಗೆ ಅವರು ಗಲ್ಲಾದ ಮೇಲೆ ನೀರಿನ ಜಗ್ಗಿಗೆ ಫೋನ್ ಒರಗಿಸಿ ವೀಡಿಯೊ ಕಾಲ್ ಹಚ್ಚುತ್ತಾರೆ. ಸ್ಪೀಕರಿನ ಸದ್ದನ್ನು ಪೂರ್ತಿ ಏರಿಸುತ್ತಾರೆ. ಅಡುಗೆಯವರು ಸೌಟು ಹಿಡಿದುಕೊಂಡೇ ಬಂದು ಕೈಬೀಸುತ್ತಾರೆ. ಕನ್ನಡ ಸಂಘದ ನಾವು ಹೆಂಗಸರೂ ಎಷ್ಟೋ ಸಲ ಆ ಫೋನಿಗೆ ಕತ್ತು ಚಾಚಿದ್ದೇವೆ. ಲಾಸಲಗಾಂವಿನಲ್ಲಿ ಈರುಳ್ಳಿ ವ್ಯಾಪಾರ ಮಾಡುವ ಬೀದರಿನ ಗುರುಲಿಂಗಪ್ಪನವರಂತೂ ತಟ್ಟೆಯಿಂದ ತಲೆ ಎತ್ತದೆಯೇ ಕೂಗುತ್ತಾರೆ:

"ಏನವ್ವಾ ಲಂಡನ್ ರಾಣಿ, ಆರಾಮಿದ್ದೀ ಇಲ್ಲೋ?"

"ಏಕ್‌ದಮ್ ಮಸ್ತ್ ಇದ್ದೇನೆ ಕಾಕಾ!" ಎನ್ನುತ್ತಾಳೆ ಪ್ರಜ್ಞಾ. ಎಲ್ಲರೂ ನಗುತ್ತಾರೆ. ಶೀನಣ್ಣನ ಮುಖ ಊರಗಲ ಆಗುತ್ತದೆ.

ಪ್ರಜ್ಞಾ ಇರುವ ಮನೆಯಲ್ಲಿ ಚೀನಾದ ಒಬ್ಬ ಹುಡುಗಿಯೂ ಇದ್ದಾಳೆ. ಹೆಸರು ಯೂಟಿಂಗ್. ಇಬ್ಬರಿಗೂ ಬೇರೆ ಬೇರೆ ಕೋಣೆ, ಅಡುಗೆಮನೆ ಮಾತ್ರ ಒಂದೇ. ಮೊದಮೊದಲು ಪ್ರಜ್ಞಾ ಫೋನಿನಲ್ಲಿದ್ದಾಗ ಅವಳೂ ಪಕ್ಕದಲ್ಲಿ ಬಂದು ನಿಲ್ಲುತ್ತಿದ್ದಳು. ಅನಸೂಯಕ್ಕ ಕಳಿಸಿದ ಚಟ್ನಿಪುಡಿಯನ್ನು ನೂಡಲ್ಸಿಗೆ ಉದುರಿಸಿಕೊಂಡು ತಿನ್ನುತ್ತಿದ್ದಳು. "ಆಂಟಿ, ಊಟ ಆಯ್ತಾ?" ಎಂದು ಕನ್ನಡದಲ್ಲಿ ಕೇಳುವುದನ್ನೂ ಕಲಿತಿದ್ದಳು. ಅನಸೂಯಕ್ಕನ ಇಂಗ್ಲಿಷ್ ಅಷ್ಟಕ್ಕಷ್ಟೆ, ಯೂಟಿಂಗಳದ್ದೂ ಹಾಗೇ ಹರಕು. ಹಾಗಾಗಿ ಇಬ್ಬರಿಗೂ ಚೆನ್ನಾಗಿ ಹೊಂದಿಕೆಯಾಗಿತ್ತು.

ಸಂಕ್ರಾಂತಿ ಕಳೆದ ಮೇಲೆ ಯೂಟಿಂಗ್ ಕಾಣುವುದೇ ಅಪರೂಪವಾಯಿತು.

"ಎಲ್ಲಿ ನಿನ್ನ ಚೀನಾದ ಗೆಳತಿ?" ಎಂದು ಅನಸೂಯಕ್ಕ ಕೇಳಿದರೆ, "ಓದ್ತಿದ್ದಾಳೆ ಅಮ್ಮ," ಎಂದಳು ಪ್ರಜ್ಞಾ. ಇನ್ನೊಂದು ದಿನ, "ಮಲಗಿದ್ದಾಳೆ." ಮತ್ತೊಂದು ದಿನ ಉತ್ತರವನ್ನೇ ಕೊಡದೆ, "ಕಾಕಾ ಇವತ್ತು ಎಂತ ತಿಂತಿದ್ದಾರೆ?" ಎಂದು ಮಾತು ತಿರುಗಿಸಿದಳು.

ಅನಸೂಯಕ್ಕನಿಗೆ ಸಂಶಯ ಬಂತು. ಬಂದದ್ದು ಒಳ್ಳೆಯದೇ. ಆದರೆ ಅವರು ಹಿಡಿದ ದಾರಿ ಕೇಳಿ. "ದಿನಾ ಇಷ್ಟು ಜನ ಕಣ್ಣು ಹಾಕಿದ್ರೆ ಎಂತ ಆಗ್ತದೆ? ಆ ಮಗುವಿಗೆ ದೃಷ್ಟಿ ಆಗಿದೆ," ಎಂದು ತೀರ್ಮಾನಿಸಿಬಿಟ್ಟರು. ಮರುದಿನ ಹಟ ಮಾಡಿ ಯೂಟಿಂಗಳನ್ನು ಫೋನಿನ ಮುಂದೆ ಕರೆಸಿದರು. ಒಂದು ಮುಷ್ಟಿ ಉಪ್ಪು, ಒಣಮೆಣಸಿನಕಾಯಿ ಹಿಡಿದು, ನೀರಿನ ಜಗ್ಗು ಸಮೇತ ಫೋನಿಗೆ ನಿವಾಳಿಸಿ, ಒಳಗೆ ಹೋಗಿ ಒಲೆಗೆ ಹಾಕಿದರು. ದೃಷ್ಟಿ ಇದ್ದರೆ ಘಾಟು ಬರುವುದಿಲ್ಲ ಎನ್ನುತ್ತಾರೆ. ಇಲ್ಲಿ ಬಂದ ಘಾಟಿಗೆ ಗುರುಲಿಂಗಪ್ಪನವರು ಕೆಮ್ಮುತ್ತಾ ರಸ್ತೆಗೇ ಹೋಗಿ ನಿಂತರು.

ಆ ಹೊತ್ತಿಗೆ ಸರಿಯಾಗಿ ಕಣ್ಣು ಒರೆಸಿಕೊಳ್ಳುತ್ತಾ ಹೋಟೆಲಿಗೆ ಕಾಲಿಟ್ಟವರು ರೂಪಾ.

ರೂಪಾ ಮೂಲತಃ ಭಾಲ್ಕಿಯವರು. ಛತ್ರಪತಿ ಸಂಭಾಜಿನಗರದ ಒಂದು ಆಸ್ಪತ್ರೆಯಲ್ಲಿ ಮನೋರೋಗ ವಿಭಾಗದ ಕೌನ್ಸೆಲರ್. ದೀಪಾವಳಿ ಆದ ಮೇಲೆ ಸಂಬಂಧಿಕರ ಗೃಹಪ್ರವೇಶಕ್ಕೆಂದು ಸಂಭಾಜಿನಗರಕ್ಕೆ ಹೋಗಿದ್ದ ಶೀನಣ್ಣನಿಗೆ ಎದೆನೋವು ಬಂದು ಅದೇ ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿಸಬೇಕಾಯಿತು. ಕಾರಿಡಾರಿನಲ್ಲಿ ಒಬ್ಬರೇ ಕೂತು ಅಳುತ್ತಿದ್ದ ಅನಸೂಯಕ್ಕನನ್ನು ಕನ್ನಡದಲ್ಲಿ ಮಾತಾಡಿಸಿದ್ದು ರೂಪಾ. ಅಲ್ಲಿಂದ ಶುರುವಾದ ಸ್ನೇಹ. ಈ ಸಲ ನಮ್ಮ ಸಂಘದ ಸಭೆಯಲ್ಲಿ ಮಾತಾಡಲು ನಾಸಿಕಕ್ಕೆ ಬಂದವರು, ಮೊದಲು ಹೊಟ್ಟೆಗೆ ಏನಾದರೂ ಹಾಕಿಕೊಳ್ಳೋಣ ಎಂದು ಹೋಟೆಲಿಗೆ ಬಂದಿದ್ದರು.

ಜಗ್ಗಿಗೆ ಒರಗಿಸಿದ್ದ ಫೋನಿನಲ್ಲಿ ಯೂಟಿಂಗ್ ಇನ್ನೂ ನಿಂತಿದ್ದಳು. ರೂಪಾ ಒಂದು ಗಳಿಗೆ ನೋಡಿದರು. ಕೂದಲು ತೊಳೆದು ಬಹಳ ದಿನವಾದಂತಿತ್ತು. ಎಲ್ಲರೂ ನಕ್ಕು ಮುಗಿಸಿದ ಮೇಲೆ ಅವಳು ನಕ್ಕಳು. ಆಮೇಲೆ ಏನೂ ಹೇಳದೆ ಹೊರಟುಹೋದಳು.

ಫೋನ್ ಇಟ್ಟ ಮೇಲೆ ರೂಪಾ ಅನಸೂಯಕ್ಕನನ್ನು ಪಕ್ಕಕ್ಕೆ ಕರೆದರು. "ಅಕ್ಕಾ, ಆ ಹುಡುಗಿ ಎಷ್ಟ್ ದಿನದಿಂದ ಹಿಂಗ ಇದ್ದಾಳ್ರಿ?"

"ಸಂಕ್ರಾಂತಿಯಿಂದ. ಅದಕ್ಕೇ ದೃಷ್ಟಿ ತೆಗೆದದ್ದು."

"ತೆಗೀರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಆಕಿ ಸರಿಯಾಗಿ ಉಣ್ತಾಳೇನು? ಮಲಗ್ತಾಳೇನು? ಕ್ಲಾಸಿಗೆ ಹೋಗ್ತಾಳೇನು?"

ಅನಸೂಯಕ್ಕನಿಗೆ ಗೊತ್ತಿರಲಿಲ್ಲ. ಶೀನಣ್ಣ ಗಲ್ಲಾದಿಂದಲೇ ಬಾಯಿ ಹಾಕಿದರು. "ಎಂತ ಮೇಡಂ, ಆ ಹುಡುಗಿಗೆ ಹುಚ್ಚು ಅಂತ ಹೇಳ್ತೀರಾ? ಲಂಡನ್ನಿಗೆ ಓದ್ಲಿಕ್ಕೆ ಹೋದವರಿಗೆ ಎಂತ ಕಷ್ಟ? ಹೀಟರ್ ಉಂಟು, ಫ್ರಿಜ್ ಉಂಟು. ನಾನು ನಾಸಿಕಕ್ಕೆ ಬಂದಾಗ ಮಲಗ್ಲಿಕ್ಕೆ ಚಾಪೆ ಇರ್ಲಿಲ್ಲ."

"ಹುಚ್ಚು ಅಂತ ನಾ ಎಲ್ಲಿ ಅಂದೆ ಅಣ್ಣಾ? ಒಂದ್ ಗಳಿಗಿ ನೋಡಿ ರೋಗ ಹೇಳ್ಲಿಕ್ಕ ನನಗೂ ಬರಂಗಿಲ್ಲ. ಅದಕ್ಕೇ ಕೇಳಬೇಕು ಅನ್ಲತ್ತೀನಿ. ನಿಮ್ ಎದ್ಯಾಗ ನೋವು ಬಂದಾಗ, ಫ್ರಿಜ್ ಅದ ಅಲ್ಲ, ಯಾಕ ನೋವು ಅಂತ ಡಾಕ್ಟರ್ ಕೇಳಿದ್ರೇನು?"

ಶೀನಣ್ಣ ಬಿಲ್ಲು ನೋಡುವವರ ಹಾಗೆ ತಲೆ ತಗ್ಗಿಸಿದರು.

ರೂಪಾ ಅನಸೂಯಕ್ಕನಿಗೆ ಹೇಳಿದ್ದು ಸಣ್ಣ ಕೆಲಸ. "ಫೋನ್ ತಗೊಂಡು ಒಬ್ಬರೇ ಒಳಗ ಹೋಗ್ರಿ. ಸ್ಪೀಕರ್ ಬಂದ್ ಮಾಡ್ರಿ. ಆರಾಮಿದ್ದೀ ಏನು ಅಂತ ಕೇಳಬ್ಯಾಡ್ರಿ, ಅದಕ್ಕ ಹೂಂ ಅಂತಾರ. ಏನ್ ಕಷ್ಟ ಆಗ್ಲತ್ತದ ಅಂತ ಕೇಳ್ರಿ. ಕೇಳಿ ಸುಮ್ಮ ಕೂಡ್ರಿ. ನಡುವ ಬುದ್ಧಿ ಹೇಳಬ್ಯಾಡ್ರಿ."

ಕೊನೆಯದು ಅನಸೂಯಕ್ಕನಿಗೆ ಬಲು ಕಷ್ಟದ ಕೆಲಸ. ಆದರೂ ಸಾಮಾನು ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ಮಗಳಿಗೆ ಮತ್ತೆ ಫೋನ್ ಮಾಡಿದರು.

"ಅಮ್ಮ? ಪಕ್ಕದಲ್ಲಿ ಯಾರಿದ್ದಾರೆ?"

"ಯಾರೂ ಇಲ್ಲ. ಅಕ್ಕಿ ಮೂಟೆ ಉಂಟು, ಅಷ್ಟೆ. ಸ್ಪೀಕರ್ ತೆಗೆದಿದ್ದೇನೆ. ಮಗಾ, ನಿಂಗೆ ಎಂತ ಕಷ್ಟ ಆಗ್ತಾ ಉಂಟು?"

ಅನಸೂಯಕ್ಕ ತುಟಿ ಕಚ್ಚಿ ಕೂತರು. ಆಮೇಲೆ ಪ್ರಜ್ಞಾ ಅಳಲು ಶುರು ಮಾಡಿದಳು. ನಾಸಿಕದಲ್ಲಿ ಬೆಳೆದ ಹುಡುಗಿ, ಅಳುವಾಗ ಕನ್ನಡ, ಮರಾಠಿ, ಇಂಗ್ಲಿಷ್ ಎಲ್ಲ ಕಲಸಿಹೋಯಿತು. ಅದರಲ್ಲಿ ತಾಯಿಗೆ ತಿಳಿದದ್ದು ಇಷ್ಟು. ಯೂಟಿಂಗ್ ಒಂದು ಪರೀಕ್ಷೆಯಲ್ಲಿ ಫೇಲಾಗಿದ್ದಾಳೆ. ಆಮೇಲೆ ಕ್ಲಾಸಿಗೆ ಹೋಗಿಲ್ಲ. ಹಗಲೆಲ್ಲ ಪರದೆ ಎಳೆದುಕೊಂಡು ಮಲಗಿರುತ್ತಾಳೆ. ಊಟ ಬಾಗಿಲಲ್ಲಿಟ್ಟರೆ ಹಾಗೇ ಇರುತ್ತದೆ. ಚೀನಾದಲ್ಲಿರುವ ಅಪ್ಪ ಅಮ್ಮನಿಗೆ ಮಾತ್ರ ಹಳೆಯ ಫೋಟೋ ಕಳಿಸಿ, ಎಲ್ಲ ಚೆನ್ನಾಗಿದೆ ಎನ್ನುತ್ತಾಳೆ. ಅವಳನ್ನು ಓದಿಸಲು ಅವರು ಇದ್ದ ಮನೆ ಮಾರಿದ್ದಾರಂತೆ.

"ಮೊನ್ನೆ ಅವಳು, ನಾನು ಇಲ್ಲದಿದ್ರೆ ಎಲ್ಲರಿಗೂ ಹಗುರ ಆಗ್ತದೆ ಅಂದಳು ಅಮ್ಮ. ಯಾರಿಗೂ ಹೇಳಬಾರದು ಅಂತ ನನ್ನ ಹತ್ರ ಆಣೆ ಹಾಕಿಸಿದ್ದಾಳೆ. ಯೂನಿವರ್ಸಿಟಿಗೆ ಗೊತ್ತಾದ್ರೆ ವಾಪಸ್ ಕಳಿಸ್ತಾರೆ ಅಂತ ಭಯ. ನಂಗೆ ಓದ್ಲಿಕ್ಕೇ ಆಗ್ತಿಲ್ಲ. ಗೋಡೆಗೆ ಕಿವಿ ಇಟ್ಟು ಕೂತಿರ್ತೇನೆ, ಅವಳು ಓಡಾಡುವ ಸದ್ದು ಬರ್ತದಾ ಅಂತ."

"ಮಗಾ, ಇಲ್ಲಿ ರೂಪಾ ಮೇಡಂ ಇದ್ದಾರೆ. ಇದು ಅವರಿಗೆ ಗೊತ್ತಿರುವ ವಿಷಯ. ಅವರಿಗೆ ಫೋನ್ ಕೊಡ್ಲಾ?" ಎಂದು ಅನಸೂಯಕ್ಕ ಮಗಳನ್ನು ಕೇಳಿ, ಅವಳು ಹೂಂ ಎಂದ ಮೇಲೆಯೇ ಬಾಗಿಲು ತೆರೆದರು. ರೂಪಾ ಒಳಗೆ ಬಂದರು. ಹೆಂಡತಿ ಸಾಮಾನು ಕೋಣೆಯಲ್ಲಿ ಬಾಗಿಲು ಹಾಕಿಕೊಂಡದ್ದು ಏಕೆ ಎಂದು ತಿಳಿಯದೆ ಶೀನಣ್ಣನೂ ಹಿಂದೆಯೇ ಬಂದರು.

ಈಗ ಎಲ್ಲರೂ ಮಾತಾಡಬೇಕಾಗಿದ್ದರಿಂದ ಸ್ಪೀಕರ್ ಹಾಕಿದರು. ಪ್ರಜ್ಞಾಳನ್ನು ಕೇಳಿಯೇ ಹಾಕಿದರು. ನಡೆದದ್ದನ್ನೆಲ್ಲ ಕೇಳಿಸಿಕೊಂಡು ರೂಪಾ ನಿಧಾನಕ್ಕೆ ಹೇಳಿದರು. "ತಂಗಿ, ಈಗೇ ಹೋಗಿ ಆಕಿ ಬಾಗಿಲ ಬಡಿ. ಪಕ್ಕದಾಗ ಕೂಡು. ಸಾಯಬೇಕು ಅಂತ ಅನಸ್ತದೇನು ಅಂತ ನೇರ ಕೇಳು."

"ಅಯ್ಯೋ, ಹಾಗೆ ಕೇಳುದಾ?" ಅನಸೂಯಕ್ಕ ಬೆಚ್ಚಿದರು. "ಇಲ್ಲದ್ದನ್ನು ನಾವೇ ತಲೆಗೆ ಹಾಕಿದ ಹಾಗೆ ಆಗುದಿಲ್ವಾ?"

"ಇಲ್ರಿ ಅಕ್ಕಾ. ಕೇಳೂದ್ರಿಂದ ಆ ವಿಚಾರ ಹುಟ್ಟಂಗಿಲ್ಲ. ಮೊದಲೇ ಇದ್ದವರಿಗೆ ಬಾಯಿಬಿಡ್ಲಿಕ್ಕ ದಾರಿ ಆಗ್ತದ. ಹೌದು ಅಂದ್ಲು ಅಂದ್ರ, ತಂಗಿ, ಆಕಿನ್ನ ಒಬ್ಬಾಕಿನ್ನೇ ಬಿಡಬ್ಯಾಡ. ನಿಮ್ ಯೂನಿವರ್ಸಿಟಿಯೊಳಗ ವಿದ್ಯಾರ್ಥಿಗಳ ಕೌನ್ಸೆಲರ್ ಇರ್ತಾರ. ಫೋನ್ ಹಚ್ಚು, ಜೊತೀಲೆ ಕರಕೊಂಡು ಹೋಗು. ಆಕಿ ಬರವಲ್ಲೆ ಅಂದ್ರ ಅವರನ್ನ ಕರಿ. ತಡಾ ಆಗ್ಲತ್ತದ, ಭಯ ಆಗ್ಲತ್ತದ ಅಂದ್ರ ಅಲ್ಲಿನ ತುರ್ತು ನಂಬರಿಗೆ ಹಚ್ಚು."

"ಆಣೆ ಮಾಡಿದ್ದೇನಲ್ಲ ಮೇಡಂ? ಸಿಟ್ಟಾಗ್ತಾಳೆ."

"ಆಗ್ಲಿ. ಸಿಟ್ಟಾಗ್ಲಿಕ್ಕ ಮೊದಲ ಆಕಿ ಇರಬೇಕಲ್ಲ."

ಅಷ್ಟರಲ್ಲಿ ಶೀನಣ್ಣ ಮುಂದೆ ಬಂದರು. ಮನುಷ್ಯ ಕೆಟ್ಟವರಲ್ಲ. ಹಸಿದು ಬಂದವನಿಗೆ ಮೊದಲು ಬಡಿಸಿ ಆಮೇಲೆ ಬಿಲ್ಲಿನ ಮಾತಾಡುವವರು. ಆದರೆ ಮಗಳು ಎಂದರೆ ಅವರಿಗೆ ಬೇರೆ ಏನೂ ಕಾಣುವುದಿಲ್ಲ. "ಬೇಡ, ಬೇಡ. ಪ್ರಜ್ಞಾ, ನೀನು ಇದರಲ್ಲಿ ಕೈ ಹಾಕ್ಬೇಡ. ಪರದೇಶ, ಪೊಲೀಸು, ಕೇಸು ಅಂತ ಆದ್ರೆ ನಿನ್ನ ವೀಸಾದ ಗತಿ ಎಂತ? ಯಾರದ್ದೋ ಮಗಳು. ನೀನು ಬೇರೆ ರೂಮ್ ನೋಡು, ನಿನ್ನಷ್ಟಕ್ಕೆ ಓದು."

"ಅಪ್ಪ, ನವೆಂಬರಿನಲ್ಲಿ ಇಲ್ಲಿ ಮಧ್ಯಾಹ್ನವೇ ಕತ್ತಲೆ ಆಗ್ತಿತ್ತು. ನಂಗೆ ಹಾಸಿಗೆಯಿಂದ ಏಳ್ಲಿಕ್ಕೇ ಮನಸ್ಸಾಗ್ತಿರ್ಲಿಲ್ಲ. ಏನಾದ್ರೂ ತಿಂದು ಎಷ್ಟು ಹೊತ್ತಾಯ್ತು ಅಂತ ಗೊತ್ತಾಗ್ತಿರ್ಲಿಲ್ಲ. ಆಗ ದಿನಾ ಗಂಜಿ ಮಾಡಿ ತಂದು, ನಾನು ತಿನ್ನುವವರೆಗೆ ಎದುರು ಕೂತದ್ದು ಯೂಟಿಂಗ್. ಯಾರದ್ದೋ ಮಗಳು ಅಂತ ಅವಳು ಬೇರೆ ರೂಮ್ ನೋಡ್ಲಿಲ್ಲ."

"ಸುಳ್ಳು ಹೇಳ್ಬೇಡ," ಎಂದರು ಶೀನಣ್ಣ. "ದಿನಾ ಫೋನಿನಲ್ಲಿ ನೋಡ್ತಿದ್ದೆ. ದಿನಾ ನಗ್ತಾ ಇದ್ದಿ."

"ಹೋಟೆಲಿಡೀ ನೋಡ್ತಿತ್ತಲ್ಲ ಅಪ್ಪ. ಗುರುಲಿಂಗಪ್ಪ ಕಾಕಾನ ಎದುರು ಅಳುದು ಹೇಗೆ?"

ಶೀನಣ್ಣ ಅಕ್ಕಿ ಮೂಟೆಯ ಮೇಲೆ ಕೂತುಬಿಟ್ಟರು. ಅನಸೂಯಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನವೆಂಬರಿನ ಆ ದಿನಗಳಲ್ಲಿ ಇಲ್ಲಿ ನಡೆದದ್ದು ಅವರಿಬ್ಬರಿಗೂ ಗೊತ್ತು. ಆಸ್ಪತ್ರೆಯ ಹಾಸಿಗೆಯಲ್ಲಿ ಶೀನಣ್ಣ ಗೌನಿನ ಮೇಲೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬಿಳಿ ಗೋಡೆ ಮಾತ್ರ ಕಾಣುವ ಹಾಗೆ ಫೋನ್ ಹಿಡಿದು, "ಶಿರಡಿಗೆ ಬಂದಿದ್ದೇವೆ ಮಗಾ, ಲಾಡ್ಜಿನಲ್ಲಿದ್ದೇವೆ," ಎಂದು ನಕ್ಕಿದ್ದರು. ಮಗಳ ಓದು ಕೆಡಬಾರದಲ್ಲ. ಆ ಕಡೆ ಮಗಳು ಮುಖ ತೊಳೆದುಕೊಂಡು ಬಂದು ಅವರಿಗಾಗಿ ನಗುತ್ತಿದ್ದಳು.

ಶೀನಣ್ಣ ಫೋನ್ ಕೈಗೆ ತೆಗೆದುಕೊಂಡರು. "ನಂಗೂ ಆಗ ಹಾರ್ಟಿಗೆ ಸ್ಟೆಂಟ್ ಹಾಕಿದ್ರು ಮಗಾ. ಶಿರಡಿಗೆ ಹೋಗಿರ್ಲಿಲ್ಲ. ಈಗ ಗುಣ ಆಗಿದ್ದೇನೆ, ಇದು ಸುಳ್ಳಲ್ಲ, ಬೇಕಾದ್ರೆ ರೂಪಾ ಮೇಡಂನ ಕೇಳು. ಅದನ್ನೆಲ್ಲ ಆಮೇಲೆ ಮಾತಾಡುವ. ಮೊದಲು ಹೋಗಿ ಆ ಹುಡುಗಿಯ ಬಾಗಿಲು ತಟ್ಟು. ಆಣೆ ಮುರಿದ ಪಾಪ ನಂಗಿರಲಿ."

ಪ್ರಜ್ಞಾ ಫೋನ್ ಇಟ್ಟಳು.

ಆಮೇಲೆ ಕಾಯುವುದು. ಸಂಜೆ ತಿಂಡಿಯ ಗಿರಾಕಿಗಳು ಬಂದರು. ಶೀನಣ್ಣ ಕಾಫಿ ಕೇಳಿದವರಿಗೆ ಸಾಂಬಾರ್ ಕಳಿಸಿದರು. ಯಾರೋ ಬೈದರು, ಅದೂ ಅವರ ಕಿವಿಗೆ ಬೀಳಲಿಲ್ಲ. ರೂಪಾ ಸಂಘದ ಸಭೆಗೆ ತಡವಾಗಿ ಬರುತ್ತೇನೆಂದು ನಮಗೆ ತಿಳಿಸಿ, ಅನಸೂಯಕ್ಕನ ಪಕ್ಕದಲ್ಲೇ ಕೂತರು. ದೀಪ ಹಚ್ಚುವ ಹೊತ್ತಿಗೆ ಪ್ರಜ್ಞಾಳ ಫೋನ್ ಬಂತು. ಶೀನಣ್ಣ ಅದನ್ನು ಎತ್ತಿಕೊಂಡು ಸೀದಾ ಸಾಮಾನು ಕೋಣೆಗೆ ಓಡಿದರು.

"ಕೌನ್ಸೆಲರ್ ಹತ್ರ ಇದ್ದೇವೆ ಅಪ್ಪ. ಅವಳು ಒಳಗೆ ಮಾತಾಡ್ತಿದ್ದಾಳೆ. ಕೇಳಿದಾಗ ಹೌದು ಅಂದಳು. ನನ್ನ ಮೇಲೆ ಸಿಟ್ಟಾಗ್ತಾಳೆ ಅಂದುಕೊಂಡಿದ್ದೆ. ಕೈ ಹಿಡ್ಕೊಂಡು ಬಿಡ್ಲೇ ಇಲ್ಲ."

ಶೀನಣ್ಣ ಫೋನನ್ನು ಹಿಂದೆಯೇ ಓಡಿಬಂದ ಹೆಂಡತಿಗೆ ಕೊಟ್ಟು, ಗೋಡೆ ಕಡೆ ತಿರುಗಿ ಅತ್ತರು. ಹೋಟೆಲಿನವರು ನೋಡಿದರೆ ನೋಡಲಿ ಎನ್ನುವ ಹಾಗೆ ಅತ್ತರು.

ಮುಂದಿನದ್ದು ಒಂದೇ ದಿನದಲ್ಲಿ ಆದದ್ದಲ್ಲ. ಕೌನ್ಸೆಲರ್ ಯೂಟಿಂಗಳನ್ನು ಡಾಕ್ಟರ ಹತ್ತಿರ ಕಳಿಸಿದರು. ಅವಳಿಗೆ ಇರುವುದು ಖಿನ್ನತೆ ಎಂಬ ಕಾಯಿಲೆ ಎಂದರು ಡಾಕ್ಟರು. ಅವಳ ಸೋಮಾರಿತನವೂ ಅಲ್ಲ, ಹುಚ್ಚೂ ಅಲ್ಲ, ಯಾರ ದೃಷ್ಟಿಯೂ ಅಲ್ಲ. ಮಾತ್ರೆ ಕೊಟ್ಟರು. ವಾರಕ್ಕೊಮ್ಮೆ ಕೌನ್ಸೆಲರ್ ಜೊತೆ ಮಾತು. ಮಾತ್ರೆ ಹಿಡಿಯಲು ಕೆಲವು ವಾರ ಬೇಕಾಯಿತು. ನಡುವೆ ಒಮ್ಮೆ ಇನ್ನು ಸಾಕು ಎಂದು ಬಿಡಲು ಹೊರಟಿದ್ದಳು, ಡಾಕ್ಟರನ್ನು ಕೇಳದೆ ಬಿಡಬಾರದೆಂದು ಪ್ರಜ್ಞಾ ಗದರಿಸಿದಳು. ಅವಳು ಹೆದರಿದ್ದ ಹಾಗೆ ಅವಳನ್ನು ಯಾರೂ ಊರಿಗೆ ಅಟ್ಟಲಿಲ್ಲ. ನಿಯಮ ಏನಿದೆ ಎಂದು ಕೌನ್ಸೆಲರೇ ವಿಚಾರಿಸಿ, ಪರೀಕ್ಷೆಯನ್ನು ಮುಂದಕ್ಕೆ ಹಾಕಿಸಿಕೊಟ್ಟರು.

ಎಲ್ಲಕ್ಕಿಂತ ಕಷ್ಟವಾದದ್ದು ಚೀನಾದ ಮನೆಗೆ ಹೇಳುವುದು. ಕೌನ್ಸೆಲರ್ ಪಕ್ಕದಲ್ಲಿ ಕೂತಿದ್ದಾಗಲೇ ಯೂಟಿಂಗ್ ಅಮ್ಮನಿಗೆ ಫೋನ್ ಮಾಡಿದಳು. ಅವಳ ಅಮ್ಮ ಮೊದಲು ಬೈದರಂತೆ. ಅಷ್ಟು ಖರ್ಚು ಮಾಡಿ ಕಳಿಸಿದರೆ ಹೀಗಾ ಎಂದರಂತೆ. ಫೋನ್ ಇಟ್ಟುಬಿಟ್ಟರಂತೆ. ನಮ್ಮಲ್ಲೂ ಎಷ್ಟು ಜನ ಹಾಗೇ ಮಾಡುವುದಿಲ್ಲ, ಹೇಳಿ? ಸ್ವಲ್ಪ ಹೊತ್ತಿಗೆ ಅವರೇ ತಿರುಗಿ ಫೋನ್ ಮಾಡಿ, "ಮನೆ ಹೋದರೆ ಇನ್ನೊಂದು ಕಟ್ಟಬಹುದು. ನೀನು ಇರು," ಎಂದರಂತೆ. ಪ್ರಜ್ಞಾ ಇದನ್ನು ಹೇಳಿದ ದಿನ ಅನಸೂಯಕ್ಕ ನಮ್ಮ ಸಂಘದ ಸಭೆಯಲ್ಲಿ ಎದ್ದು ನಿಂತು ನಮಗೆಲ್ಲ ಹೇಳಿದರು. ಯಾರೂ ಚಹಾ ಮುಟ್ಟಲಿಲ್ಲ.

ಮೊನ್ನೆ ನಾನು ಹೋಟೆಲಿಗೆ ಹೋದಾಗ ಅನಸೂಯಕ್ಕ ಒಳಗೆ ಒಬ್ಬರೇ ಕೂತು ಫೋನಿನಲ್ಲಿದ್ದರು. ತಿರುಗಿ ಹೊರಡಲಿದ್ದೆ, ಬಾ ಎಂದು ಸನ್ನೆ ಮಾಡಿದರು. ಆ ಕಡೆ ಯೂಟಿಂಗ್. ಅನಸೂಯಕ್ಕ ತಮ್ಮ ಹರಕು ಇಂಗ್ಲಿಷಿನಲ್ಲಿ ಇವತ್ತು ಹೇಗಿದ್ದೀ ಎಂದು ಕೇಳಿದರು.

"ಇವತ್ತು ಚೆನ್ನಾಗಿಲ್ಲ ಆಂಟಿ," ಎಂದಳು ಅವಳು. "ಬೆಳಿಗ್ಗೆಯಿಂದ ಅಳು ಬರ್ತಿದೆ. ಸಂಜೆ ಕೌನ್ಸೆಲರ್ ಹತ್ತಿರ ಹೋಗ್ತೇನೆ. ಪ್ರಜ್ಞಾ ಜೊತೆಗೆ ಬರ್ತಾಳೆ."

ನಾನು ತಟ್ಟನೆ ತಲೆ ಎತ್ತಿ ನೋಡಿದೆ. ಅನಸೂಯಕ್ಕನ ಕಣ್ಣಲ್ಲಿ ನೀರಿತ್ತು, ಆದರೆ ಮುಖದಲ್ಲಿ ಗಾಬರಿ ಇರಲಿಲ್ಲ. "ಹೇಳಿದ್ದು ಒಳ್ಳೆದಾಯ್ತು ಮಗಾ," ಎಂದರು. ಅದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳಬೇಕೆಂದು ತಿಳಿಯದೆ ಕನ್ನಡದಲ್ಲೇ ಇನ್ನೊಮ್ಮೆ ಹೇಳಿದರು. ಅವಳಿಗೆ ಅರ್ಥವಾಯಿತು.

ಇದನ್ನು ಓದುತ್ತಿರುವ ಅಮ್ಮಂದಿರೇ, ಅಪ್ಪಂದಿರೇ, ನಿಮ್ಮ ಮಗು ಪರದೇಶದಲ್ಲೇ ಇರಬೇಕೆಂದಿಲ್ಲ. ಪುಣೆಯ ಹಾಸ್ಟೆಲಿನಲ್ಲಿರಬಹುದು, ಸಿನ್ನರಿನ ಕಾರ್ಖಾನೆ ಪಕ್ಕದ ಬಾಡಿಗೆ ಕೋಣೆಯಲ್ಲಿರಬಹುದು, ನಿಮ್ಮದೇ ಮನೆಯ ಮಾಳಿಗೆಯಲ್ಲಿರಬಹುದು. ಊಟ, ನಿದ್ದೆ, ಸ್ನಾನ ತಪ್ಪಿ ಎರಡು ವಾರ ಕಳೆದರೆ, ಗೆಳೆಯರಿಂದ ದೂರವಾದರೆ, ನಾನು ಎಲ್ಲರಿಗೂ ಭಾರ ಎಂಬ ಮಾತು ಬಾಯಿಂದ ಬಂದರೆ, ತಡ ಮಾಡಬೇಡಿ. ಭಾರ, ಸಾವು ಎಂಬ ಮಾತು ಬಂದರಂತೂ ಎರಡು ವಾರ ಕಾಯುವುದೂ ಬೇಡ. ನೇರವಾಗಿ ಕೇಳಿ, ಜೊತೆಗಿರಿ, ಡಾಕ್ಟರ ಹತ್ತಿರ ಕರೆದೊಯ್ಯಿರಿ. ಭಾರತದಲ್ಲಿ ಎಲ್ಲಿಂದಲಾದರೂ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು. ಹೊರದೇಶದಲ್ಲಿ ಓದುವ ಮಗುವಿದ್ದರೆ ಅಲ್ಲಿನ ಕೌನ್ಸೆಲರ್ ನಂಬರನ್ನು ಇವತ್ತೇ ಕೇಳಿ ಇಟ್ಟುಕೊಳ್ಳಿ.

ಮತ್ತೆ, ನಿಮ್ಮ ಮಗು ಒಂದು ದಿನ ಚೆನ್ನಾಗಿಲ್ಲ ಎಂದು ಹೇಳಿದರೆ ಬೈಯಬೇಡಿ. ಅಷ್ಟು ಹೇಳಲು ಅದು ನಿಮ್ಮನ್ನೇ ಆರಿಸಿಕೊಂಡಿದೆ. ಕೂತು ಕೇಳಿ.